ಮುಚ್ಚಳಕ್ಕೆ ಕೊರೆದ ತೂತು

1983ನೇ ಇಸವಿ, ಯುಗಾದಿ ಕಳೆದು ಎರಡನೇ ಭಾನುವಾರ. ಬೆಳಿಗ್ಗೆ ಆರು ಗಂಟೆ ಹದಿನೈದು ನಿಮಿಷ. ಸ್ಥಳ, ತುರುವೇಕೆರೆ ಕಡೆಯ ನಮ್ಮ ತೋಟದ ಮನೆಯ ಹಿತ್ತಿಲು. ಹಾಜರಿದ್ದವರು ಮೂವರು: ನಾನು, ನನ್ನ ಹೆಂಡತಿ, ಅವಳ ತಮ್ಮ. ಅಂದು ಮಾಡಬೇಕಾದ ಕೆಲಸಗಳನ್ನು ಹಿಂದಿನ ಸಂಜೆಯೇ ಚೀಟಿಯಲ್ಲಿ ಬರೆದು ಅಂಗಿ ಜೇಬಿನಲ್ಲಿಟ್ಟುಕೊಂಡಿದ್ದೆ. ಒಟ್ಟು ಹನ್ನೊಂದು. ಹನ್ನೆರಡನೆಯದೊಂದು ಇರಬೇಕಿತ್ತು. ಅದನ್ನು ಬರೆದಿರಲಿಲ್ಲ.

ಮಿಲಿಟರಿಯ ವಾಹನ ರಿಪೇರಿ ವರ್ಕ್‌ಶಾಪಿನಲ್ಲಿ ಇಪ್ಪತ್ತೆರಡು ವರ್ಷ ದುಡಿದು ಪಿಂಚಣಿ ಪಡೆದು ಬಂದವನು ನಾನು. ಬರುವಾಗ ಅಲ್ಲಿನ ಅಡುಗೆಮನೆಯಲ್ಲಿ ಕಂಡಿದ್ದ ಒಂದು ಒಲೆಯ ನಕ್ಷೆ ತಲೆಯಲ್ಲಿತ್ತು. ಡೀಸೆಲ್ ಡ್ರಮ್ಮೊಂದನ್ನು ಉದ್ದಕ್ಕೆ ಸೀಳಿಸಿ, ಕೆಳಗಿನ ಹೋಳಿಗೆ ನಾಲ್ಕು ಕಾಲು, ಮೇಲಿನ ಹೋಳಿಗೆ ಕೀಲು ಮತ್ತು ಕಬ್ಬಿಣದ ಹಿಡಿ ಬೆಸೆಸಿದೆ. ನಡುವೆ ಸರಳಿನ ಜಾಲರಿ. ಕೆಳಗೆ ಕೆಂಡ, ಜಾಲರಿಯ ಮೇಲೆ ಮಾಂಸ, ಮೇಲೆ ಮುಚ್ಚಳ. ಒಲೆ ಮಾಡಿದ್ದು ನಾನಾದರೂ ಅದರಲ್ಲಿ ಬೇಯಿಸಲು ಬಂದದ್ದು ನನ್ನ ಭಾವಮೈದನಿಗೆ. ಕಿಬ್ಬನಹಳ್ಳಿಯ ಅವನು ಮೊದಲೇ ಬಾಡೂಟದ ಅಡುಗೆಯವನು. ಈ ಡ್ರಮ್ಮು ಸಿಕ್ಕಮೇಲೆ ಸುತ್ತಿನ ಊರುಗಳ ಬೀಗರೂಟಗಳಿಗೆಲ್ಲ ಅವನೇ ಆದ. ಗಾಡಿ ಕಟ್ಟಿಸಿ ಡ್ರಮ್ಮು ಒಯ್ಯುವುದು, ಊಟ ಮುಗಿದ ಮೇಲೆ ತಂದು ನಮ್ಮ ಹಿತ್ತಿಲಲ್ಲಿ ನಿಲ್ಲಿಸುವುದು.

ಅವನ ಅಳತೆ ಅಂಗೈ. ಕೆಂಡ ಹರಡಿ, ಮುಚ್ಚಳ ಎತ್ತಿ, ಬಲಗೈಯನ್ನು ಜಾಲರಿಯ ಮೇಲೆ ಒಂದು ಗೇಣಿನಷ್ಟು ಎತ್ತರದಲ್ಲಿ ಹಿಡಿದು ತುಟಿಯಲ್ಲೇ ಎಣಿಸುತ್ತಿದ್ದ. ಏಳರವರೆಗೆ ತಡೆದರೆ ಮಾಂಸ ಇಡಬಹುದು. ಐದಕ್ಕೇ ಕೈ ಹಿಂದೆ ಬಂದರೆ ಕೆಂಡ ಸರಿಸಬೇಕು. ಹತ್ತು ದಾಟಿದರೆ ಇನ್ನೆರಡು ತೆಂಗಿನ ಚಿಪ್ಪು ಹಾಕಬೇಕು. ಒಮ್ಮೆಯೂ ತಪ್ಪಿದ್ದು ನಾನು ಕಾಣೆ.

ಹಿಂದಿನ ಕಾರ್ತೀಕದಲ್ಲಿ ಅವನಿಗೆ ಲಕ್ವ ಹೊಡೆಯಿತು. ಮಾತು ಎರಡು ವಾರಕ್ಕೆ ಮರಳಿತು, ಕಾಲು ಎಳೆಯುತ್ತ ನಡೆಯುವಂತಾದ, ಬಲಗೈಯೂ ಹಿಡಿಯಲು ಬಿಡಲು ಬಂತು. ಆದರೆ ಆ ಕೈಗೆ ಬಿಸಿ ತಣ್ಣಗೆ ಗೊತ್ತಾಗದೆ ಹೋಯಿತು. ಇದನ್ನು ಅವನು ಯಾರಿಗೂ ಹೇಳದೆ ಎರಡು ಬೀಗರೂಟಕ್ಕೆ ಹೋದ. ಒಂದರಲ್ಲಿ ಮೂಳೆಯ ಹತ್ತಿರ ಹಸಿ, ಇನ್ನೊಂದರಲ್ಲಿ ಹೊರಗೆಲ್ಲ ಕರಿ. ನಮ್ಮ ಕಡೆ ಬಾಡೂಟ ಮುಗಿದ ಮೇಲೆ ಅಡುಗೆಯವನನ್ನು ಪಂಕ್ತಿಯ ಮುಂದೆ ಕರೆದು ಹೆಗಲಿಗೆ ಒಂದು ಟವೆಲು ಹಾಕುತ್ತಾರೆ. ಎರಡು ಕಡೆಯೂ ಅವನನ್ನು ಯಾರೂ ಕರೆಯಲಿಲ್ಲ.

ಉಳಿದದ್ದು ಕೆಂಕೆರೆಯ ಊಟ, ಮುಂದಿನ ಭಾನುವಾರಕ್ಕೆ. ಅದಕ್ಕೆ ಅವನು ಮಾತುಕೊಟ್ಟು ವೀಳ್ಯ ಹಿಡಿದಿದ್ದ. ಎಲೆ ಒಣಗಿ ಹೋದರೂ ಅದರ ಜೊತೆ ಕೊಟ್ಟ ಅಡಿಕೆಯನ್ನು ಊಟ ಮುಗಿಯುವ ತನಕ ಟವೆಲಿನ ತುದಿಯಲ್ಲಿ ಗಂಟು ಹಾಕಿಕೊಂಡಿರುವುದು ಅಡುಗೆಯವರ ಪದ್ಧತಿ. ಆ ಅಡಿಕೆಯನ್ನು ಅಡುಗೆ ಮಾಡದೆ ಹಿಂದಿರುಗಿಸಿದವನಿಗೆ ಮತ್ತೆ ಯಾರೂ ವೀಳ್ಯ ಕೊಡುವುದಿಲ್ಲ. ಅಡುಗೆ ಕೆಟ್ಟರೂ ಕೊಡುವುದಿಲ್ಲ. ಕೆಂಕೆರೆಯಲ್ಲಿ ಚೆನ್ನಾಗಿ ಬೇಯಿಸಿದರೆ ಮಾತ್ರ ಅವನು ಅಡುಗೆಯವನಾಗಿ ಉಳಿಯುತ್ತಿದ್ದ.

ಶನಿವಾರ ಸಂಜೆಯ ಬಸ್ಸಿಗೆ ಬಂದು ಜಗಲಿಯ ಮೇಲೆ ಕೂತು ಇದನ್ನೆಲ್ಲ ಹೇಳಿದ.

"ಎಡಗೈ ಐತಲ್ಲಪ್ಪ," ಅಂದೆ.

"ಎಡಗೈಗೆ ಬುದ್ಧಿ ಇಲ್ಲ ಭಾವ. ಅದಕ್ಕೆ ಎಲ್ಲಾ ಸುಡ್ತದೆ. ಅನ್ನದ ಗಂಜಿನೂ ಸುಡ್ತದೆ, ಕೆಂಡನೂ ಸುಡ್ತದೆ."

ನನ್ನ ಬಳಿ ಇದಕ್ಕೆ ಉತ್ತರ ಸಿದ್ಧವಿತ್ತು. ಅವನ ಅಕ್ಕನಿಂದ ವಿಷಯದ ವಾಸನೆ ಬಡಿದಾಗಲೇ ತುಮಕೂರಿಗೆ ಹೋಗಿ, ಶಾಲೆಗಳಿಗೆ ಸಾಮಾನು ಮಾರುವ ಅಂಗಡಿಯಲ್ಲಿ ಮುನ್ನೂರ ಅರವತ್ತು ಡಿಗ್ರಿಯವರೆಗೆ ಗುರುತಿರುವ ಗಾಜಿನ ಥರ್ಮಾಮೀಟರು ತಂದಿದ್ದೆ. ಮುಚ್ಚಳಕ್ಕೆ ತೂತು ಕೊರೆದು ಅದನ್ನು ಇಳಿಬಿಟ್ಟರೆ ಕೈಯ ಕೆಲಸ ಗಾಜು ಮಾಡುತ್ತದೆ.

ನನ್ನ ಹೆಂಡತಿ ಒಳಗಿನಿಂದಲೇ ಹೇಳಿದಳು: "ಕೈ ಹೋಗಿರೋದು ಅವ್ನದು. ಡ್ರಮ್ಮಿಗೆ ತೂತ ಕೊರುದ್ರೆ ಬಂದ್ಬುಡ್ತದಾ?"

"ನೀ ಸುಮ್ಕಿರಕ್ಕ," ಅಂದ ತಮ್ಮ. "ಭಾವ ಲಾರಿಗೇ ಜೀವ ಬರ್ಸಿದೋರು."

"ಲಾರಿ ಬೇರೆ ಕಣ್ಲಾ."

ಬೆಳಿಗ್ಗೆ ಆರೂಕಾಲಿಗೆ ಕೀಲಿನ ಕಡ್ಡಿ ಎಳೆದು ಮುಚ್ಚಳ ಬಿಡಿಸಿದೆವು. ಕೊರೆಯುವಾಗ ಮುಚ್ಚಳ ಅಲ್ಲಾಡಬಾರದು. ಅದಕ್ಕೆ ಅದರ ಹಿಡಿಯನ್ನೇ ಮೇಜಿನ ವೈಸಿನ ದವಡೆಗೆ ಕಚ್ಚಿಸುವುದು ಸರಿಯಾದ ಕ್ರಮ. ಹಿಡಿಗೆ ತೆಂಗಿನ ನಾರಿನ ಹಗ್ಗ ಒತ್ತೊತ್ತಾಗಿ ಸುತ್ತಿತ್ತು. ಕೈ ಸುಡದಿರಲೆಂದು ಮೊದಲ ವರ್ಷವೇ ಅವನು ಸುತ್ತಿದ್ದ ಹಗ್ಗ, ಹೊಗೆ ಎಣ್ಣೆ ಕುಡಿದು ಕಪ್ಪಾಗಿತ್ತು. ಅದರ ಮೇಲೆ ವೈಸು ಜಾರುತ್ತಿತ್ತು. ಬಿಚ್ಚಿದೆ. ಬಿಚ್ಚಿದ್ದನ್ನು ನೆಲಕ್ಕೆ ಎಸೆಯುವವನಲ್ಲ ನಾನು. ಮೊಳಕೈಗೆ ಸುತ್ತಿ, ಗಂಟು ಹಾಕಿ, ಕೊಟ್ಟಿಗೆ ಗೋಡೆಯ ಮೊಳೆಗೆ ನೇತುಹಾಕಿದೆ.

ಜಾಲರಿಯಿಂದ ನಾಲ್ಕು ಬೆರಳು ಮೇಲಕ್ಕೆ, ನಡುಮಧ್ಯಕ್ಕೆ ಸುಣ್ಣದ ಗುರುತು. ಪಂಚಿನಿಂದ ಒಂದು ಚುಕ್ಕೆ. ಕಿರುಬೆರಳ ದಪ್ಪದ ಮೂರು ಸೂತಿನ ಬಿಟ್ ಹಾಕಿ ಕೈ ಡ್ರಿಲ್ಲಿನಲ್ಲಿ ತಿರುಗಿಸಿದೆ. ಅವನು ಎಡಗೈಯಲ್ಲಿ ತೊಟ್ಟು ತೊಟ್ಟು ಕೊಬ್ಬರಿ ಎಣ್ಣೆ ಬಿಡುತ್ತಿದ್ದ. ತೂತಾದ ಮೇಲೆ ಅಂಚಿನ ಮುಳ್ಳು ಅರದಲ್ಲಿ ಉಜ್ಜಿ ತೆಗೆದೆ. ಹಳೆಯ ಛತ್ರಿಯ ಕಬ್ಬಿಣದ ಕೊಳವೆಯಿಂದ ಎರಡಂಗುಲ ಕತ್ತರಿಸಿ ತೂತಿಗೆ ಬಿಗಿಯಾಗಿ ಬಡಿದು ಕೂರಿಸಿದೆ. ಥರ್ಮಾಮೀಟರು ಕೊಳವೆಯಲ್ಲಿ ಸಲೀಸಾಗಿ ಇಳಿದು ನಿಂತಿತು. ಸಂದಿಗೆ ಒಲೆಗೆ ಮೆತ್ತುವ ಜೇಡಿಮಣ್ಣು. ಎಂಟು ಗಂಟೆಗೆ ಮುಚ್ಚಳ ಮತ್ತೆ ಕೀಲಿಗೆ ಕೂತಿತು. ಚೀಟಿಯಲ್ಲಿ ಆರನೇ ಕೆಲಸಕ್ಕೆ ಗೀಟು ಹಾಕಿದೆ.

"ಮದ್ವೆ ಹೆಣ್ಣಿಗೆ ಮೂಗುಬಟ್ಟು ಇಟ್ಟಂಗೆ ಆಯ್ತು," ಅಂದ ಭಾವಮೈದ. ಆ ದಿನ ಅವನು ನಕ್ಕಿದ್ದು ಅದೊಂದೇ ಸಲ.

ಜಾಲಿ ಸೌದೆ ಉರಿದು ಕೆಂಡವಾಗುವ ಹೊತ್ತಿಗೆ ಒಂಬತ್ತೂಕಾಲು. ಈಗ ಬಂತು ನಾನು ಯೋಚಿಸದೇ ಇದ್ದ ಪ್ರಶ್ನೆ. ಎಷ್ಟು ಡಿಗ್ರಿ ಬೇಕು?

"ಏಳು," ಅಂದ ಅವನು.

"ಏಳು ಎಣಿಸೋ ಬಿಸಿ ಅಂದ್ರೆ ಎಷ್ಟು ಡಿಗ್ರಿ ಅಂತ ಕೇಳ್ತಿರೋದು."

"ಅದು ನಂಗೇನು ಗೊತ್ತು ಭಾವ. ಕೈಗೆ ಗೊತ್ತಿತ್ತು."

ಸರಿ, ನಮ್ಮ ಕೈಯಲ್ಲಿ ಅಳೆಯೋಣ ಅಂದೆ. ಬಿಸಿ ಕಬ್ಬಿಣವನ್ನು ಕೈಯಲ್ಲಿ ಮುಟ್ಟಬಾರದು ಎಂಬುದು ವರ್ಕ್‌ಶಾಪಿನ ಮೊದಲ ಪಾಠ. ಕೆಂಡ ಕೆದಕುವ ಕಂಬಿಯನ್ನು ಹಿಡಿಯೊಳಗೆ ತೂರಿಸಿ ಮುಚ್ಚಳ ಎತ್ತುವುದು ನನ್ನ ಅಭ್ಯಾಸ. ಹಾಗೇ ಎತ್ತಿದೆ, ಹಾಗೇ ಇಳಿಸಿದೆ. ಮೊದಲು ಗಾಜು ಓದುವುದು, ಮುಚ್ಚಳ ಎತ್ತಿದ ಕೂಡಲೇ ಅಂಗೈ ಹಿಡಿಯುವುದು, ಅವನು ತನ್ನ ಲಯದಲ್ಲಿ ಎಣಿಸುವುದು. ನನ್ನ ಕೈ ಸರಿಯಾಗಿ ಏಳಕ್ಕೆ ಹಿಂದೆ ಬಂದಾಗ ಗಾಜು ನೂರ ತೊಂಬತ್ತು ತೋರಿಸಿತ್ತು. ನನ್ನ ಹೆಂಡತಿಯದು ಏಳಕ್ಕೆ ಬಂದಾಗ ಇನ್ನೂರ ಇಪ್ಪತ್ತು. ಮೂವತ್ತು ವರ್ಷ ರೊಟ್ಟಿ ತಟ್ಟಿದ ಕೈ ಅವಳದು.

"ಇವೆರಡ್ರಲ್ಲಿ ನಿನ್ ಕೈ ಯಾವ್ದು?" ಅಂತ ಕೇಳಿದೆ.

ಅವನು ತನ್ನ ಬಲಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ. ಬೇರೆಯವರದನ್ನು ನೋಡುವಂತೆ ನೋಡಿದ. "ನಿಮ್ದಲ್ಲ, ಅಕ್ಕಂದೂ ಅಲ್ಲ," ಅಂದ.

ನಾನು ಆಗಲೇ ನಿಲ್ಲಿಸಬೇಕಿತ್ತು. ನಿಲ್ಲಿಸುವುದು ಚೀಟಿಯಲ್ಲಿರಲಿಲ್ಲ. ಎರಡರ ನಡುವೆ ಇನ್ನೂರು ಎಂದು ಗೊತ್ತುಮಾಡಿ, ಹತ್ತು ಗಂಟೆಗೆ ಮಸಾಲೆ ಹಚ್ಚಿದ್ದ ಕುರಿಯ ತೊಡೆಯನ್ನು ಜಾಲರಿಗೆ ಇಡಿಸಿದೆ. ಹತ್ತು ಹತ್ತು ನಿಮಿಷಕ್ಕೆ ಗಾಜು ಓದಿ ಬರೆಯುವುದು, ಬೇಕಾದಾಗ ಕಂಬಿಯಿಂದ ಮುಚ್ಚಳ ಎತ್ತಿ ಹಿಡಿಯುವುದು ನನ್ನ ಪಾಲು. ಕೆಂಡ ಕೂಡಿಸುವುದು, ಸರಿಸುವುದು ಅವನ ಪಾಲು. ನಾನು ಹೇಳಿದ ಹಾಗೆ ಮಾಡಿದ. ನೂರ ತೊಂಬತ್ತೆಂಟು, ಇನ್ನೂರ ನಾಲ್ಕು, ಇನ್ನೂರು. ಇಷ್ಟು ನೆಟ್ಟಗೆ ನಿಂತ ಬಿಸಿಯನ್ನು ನಾನು ಎಂಜಿನ್ನಿನಲ್ಲೂ ಕಂಡಿರಲಿಲ್ಲ.

ಹತ್ತು ಐವತ್ತಕ್ಕೆ ತೊಡೆ ಮಗ್ಗುಲು ಬದಲಿಸಬೇಕು. ನಾನು ಪುಸ್ತಕದಲ್ಲಿ ಬರೆಯುತ್ತಿದ್ದೆ. ಅವನು ಎಂಟು ವರ್ಷದಿಂದ ಮಾಡಿದಂತೆ ಬಲಗೈಯಲ್ಲಿ ಹಿಡಿ ಹಿಡಿದು ಮುಚ್ಚಳ ಎತ್ತಿ, ಎಡಗೈಯ ಇಕ್ಕಳದಲ್ಲಿ ತೊಡೆ ಹೊರಳಿಸಲು ತೊಡಗಿದ. ಕೊಬ್ಬು ಕರಗಿ ತೊಡೆ ಜಾರಿತು, ಮತ್ತೆ ಹಿಡಿದ, ಮತ್ತೆ ಜಾರಿತು. ಅಷ್ಟು ಹೊತ್ತೂ ಬಲಗೈ ಹಿಡಿಯ ಮೇಲೇ ಇತ್ತು.

ನನ್ನ ಹೆಂಡತಿ ಅಡುಗೆಮನೆಯ ಬಾಗಿಲಿಗೆ ಬಂದು, "ಅದೇನ್ರೀ ವಾಸ್ನೆ? ಬಾಡಿನ್ದಲ್ಲ," ಅಂದಳು.

ನಾನು ಪುಸ್ತಕದಿಂದ ತಲೆ ಎತ್ತದೆ ಆಗಷ್ಟೇ ಬರೆದಿದ್ದ ಅಂಕಿ ನೋಡಿದೆ. ಇನ್ನೂರ ಎರಡು. "ಎಲ್ಲಾ ಸರಿಯಾಗೈತೆ," ಅಂದೆ.

ಅವಳು ಓಡಿ ಬಂದು ತಮ್ಮನ ಮುಂಗೈ ಹಿಡಿದು ಎಳೆದಳು. ಕೈ ಸಲೀಸಾಗಿ ಬರಲಿಲ್ಲ. ಮುಚ್ಚಳ ಬಡಿದು ಮುಚ್ಚಿಕೊಂಡಿತು. ಹಿಡಿ ಬರಿಯ ಕಬ್ಬಿಣವಾಗಿತ್ತು. ಹಗ್ಗ ಕೊಟ್ಟಿಗೆ ಗೋಡೆಯ ಮೊಳೆಯಲ್ಲಿ ನಾನು ಹಾಕಿದ ಗಂಟಿನಲ್ಲೇ ತೂಗುತ್ತಿತ್ತು.

ಅವನು ಅಂಗೈ ನೋಡಿಕೊಂಡ. "ಏನಾಯ್ತಕ್ಕ?" ಅಂತ ಕೇಳಿದ.

ತಣ್ಣೀರಿನ ಬಕೆಟ್ಟಿನಲ್ಲಿ ಕೈ ಇಡಿಸಿದೆವು. ಅರ್ಧ ಗಂಟೆ ಹಾಗೇ ಕೂತಿದ್ದ. ನೀರಿನಿಂದ ಎತ್ತಿದಾಗಲೆಲ್ಲ ಆ ನೋವಿಲ್ಲದ ಕೈಗೆ ನಾವಿಬ್ಬರು ಗಾಳಿ ಬೀಸುತ್ತ ಕೂತಿದ್ದೆವು. ನಾನು, "ಹಗ್ಗ ನಾನೇ ಬಿಚ್ಚಿದ್ದು. ಮತ್ತೆ ಸುತ್ತೋದು ಬರೀಲಿಲ್ಲ," ಅಂದೆ.

"ಬುಡಿ ಭಾವ. ಹಗ್ಗ ಇಲ್ದೆ ಇದ್ರೆ ಯಾವ ಕೈಯಾದ್ರೂ ಬುಟ್ಬುಡೋದು. ಇದು ಬುಡ್ಲಿಲ್ಲ." ನೀರಿನಲ್ಲಿ ಅಂಗೈ ಮಗುಚಿ ಹೇಳಿದ: "ಇವತ್ತು ಹಗ್ಗ. ಕೆಂಕೆರೇಲಿ ಕುದಿಯೋ ಕೊಳದಪ್ಪಲೆ. ಆಮೇಲೆ ಇನ್ನೊಂದು. ಎಲ್ಲಾದಕ್ಕೂ ಎಲ್ಲಿ ಅಂತ ಗಾಜು ಇಕ್ತೀರ?"

ಹೆಂಡತಿ ತೊಡೆಯನ್ನು ಇಳಿಸಿ ತಟ್ಟೆಯಲ್ಲಿ ತಂದಿಟ್ಟಳು. ಯಾರಿಗೂ ಬೇಕಿರಲಿಲ್ಲ. ಅವನು ಎಡಗೈಯಲ್ಲೇ ಮೂಳೆಯ ಪಕ್ಕದಿಂದ ಒಂದು ಎಳೆ ಕಿತ್ತು ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಅಗಿದ.

"ಬೆಂದೈತೆ," ಅಂದ. "ಚೆನ್ನಾಗೇ ಬೆಂದೈತೆ ಭಾವ. ನೀವೇ ಬೇಯಿಸ್ಬೌದು."

ಅವನಕ್ಕ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು.

ಅವನು ಎಡಗೈ ಮತ್ತು ಹಲ್ಲಿನಿಂದ ಟವೆಲಿನ ಗಂಟು ಬಿಚ್ಚಿ ಅಡಿಕೆಯನ್ನು ಜಗಲಿಯ ಮೇಲೆ ಇಟ್ಟ. ಸಣ್ಣ ಕೆಂಪಡಿಕೆ. "ನಂಗೆ ಅವ್ರ ಮುಖ ನೋಡಕ್ಕಾಗಲ್ಲ. ನೀವೇ ಕೊಟ್ಬುಟ್ಟು ಬನ್ನಿ."

ಅಡಿಕೆಯನ್ನು ಎತ್ತಿ ಜೇಬಿನ ಚೀಟಿಯ ಪಕ್ಕ ಇಟ್ಟುಕೊಂಡೆ. ಹೇಳಿದ್ದು ಮಾತ್ರ, "ಹನ್ನೆರಡೂವರೆಗೆ ಬಸ್ಸೈತೆ," ಎಂದು.

ತುರುವೇಕೆರೆ ಆಸ್ಪತ್ರೆಯಲ್ಲಿ ಕೈಗೆ ಮುಲಾಮು ಹಚ್ಚಿ ಕಟ್ಟಿದರು. ಅಲ್ಲಿಂದಲೇ ಅವನನ್ನು ಕಿಬ್ಬನಹಳ್ಳಿ ಬಸ್ಸು ಹತ್ತಿಸಿದೆ. ಕಟ್ಟು ಹಾಕಿದ ಕೈಯನ್ನು ಕಿಟಕಿಯ ಸರಳಿಗೆ ಒರಗಿಸಿ ಕೂತ. ಆ ಸರಳು ಬಿಸಿಲಿಗೆ ಎಷ್ಟು ಕಾದಿತ್ತೋ.

ಚಿಕ್ಕನಾಯಕನಹಳ್ಳಿಯಲ್ಲಿ ಬಸ್ಸು ಬದಲಿಸಿ ಕೆಂಕೆರೆ ಮುಟ್ಟಿದಾಗ ಮೂರು ದಾಟಿತ್ತು. ಮದುವೆ ಮನೆಯ ಯಜಮಾನರು ಕಾಯಿ ರಾಶಿಯ ಪಕ್ಕ ಕೂತಿದ್ದರು. ಅಡಿಕೆಯನ್ನು ಎರಡೂ ಕೈಯಲ್ಲಿ ಕೊಟ್ಟು, ಭಾವಮೈದನಿಗೆ ಕೈ ಸುಟ್ಟಿದೆ, ಬರಲಾಗುವುದಿಲ್ಲ ಎಂದೆ. ಅವರು ಅಚ್ಚರಿಪಡಲಿಲ್ಲ. ಅಡಿಕೆಯನ್ನು ಜೇಬಿಗೆ ಹಾಕಿಕೊಂಡು, "ನಾವೇ ಹೇಳಿ ಕಳಿಸ್ಬೇಕು ಅಂತಿದ್ವಿ ಕಣ್ರೀ," ಅಂದರು. "ಹುಳಿಯಾರಿನೋರಿಗೆ ಹೋದ ವಾರನೇ ವೀಳ್ಯ ಕೊಟ್ಬುಟ್ವಿ. ಪಾಪ, ಅವ್ನಿಗೆ ಹೆಂಗೆ ಹೇಳೋದು ಅಂತ ಸುಮ್ನಿದ್ವಿ. ಕಾಪಿ ಕುಡೀರಿ."

ಕಾಫಿ ಕುಡಿದು ಬಂದೆ. ಹೋದ ವಾರವೇ ಎಂಬ ಮಾತನ್ನು ಭಾವಮೈದನಿಗೆ ಅವನು ಬದುಕಿರುವ ತನಕ ನಾನು ತಿಳಿಸಲಿಲ್ಲ.

ಮನೆಗೆ ಬಂದಾಗ ಆರು ಗಂಟೆ. ಬೂದಿ ತೆಗೆದೆ. ಥರ್ಮಾಮೀಟರು ಎಳೆದು ಒರೆಸಿ ಅದರ ಪೆಟ್ಟಿಗೆಯಲ್ಲಿಟ್ಟೆ. ಹಿಡಿಗೆ ಅಂಟಿದ್ದದ್ದನ್ನು ಬೂದಿ ಹಾಕಿ, ಕಾಯಿ ಜುಂಗಿನಲ್ಲಿ ಮೂರು ಸಲ ಉಜ್ಜಿದೆ. ಚೀಟಿ ತೆಗೆದು ಹನ್ನೊಂದರ ಕೆಳಗೆ ಹನ್ನೆರಡು ಎಂದು ಬರೆದೆ. ಮೊಳೆಯಿಂದ ನಾರಿನ ಹಗ್ಗ ಇಳಿಸಿ, ನೀರಲ್ಲಿ ನೆನೆಸಿ, ಹಿಡಿಯ ಒಂದು ತುದಿಯಿಂದ ಸುತ್ತುತ್ತ ಬಂದೆ, ಸುತ್ತಿಗೆ ಸುತ್ತು ಒತ್ತಿ, ಎಲ್ಲೂ ಕಬ್ಬಿಣ ಕಾಣದ ಹಾಗೆ. ಕೊನೆಯ ಗಂಟು ಬಿಗಿದಾಗ ಆರು ಗಂಟೆ ನಲವತ್ತು ನಿಮಿಷ.