ಐಸ್‌ಕ್ರೀಮ್ ಡಬ್ಬಿಯಲ್ಲಿದ್ದ ಹನ್ನೊಂದು ರೋಲು

ನನ್ನ ಮೊಮ್ಮಗಳು ತೆಗೆದ ಫೋಟೋಗಳನ್ನು ಇಂಗ್ಲೆಂಡಿನಲ್ಲಿ ಅವಳ ಕಾಲೇಜಿನವರು ಗೋಡೆಗೆ ಹಾಕಿದ್ದಾರೆ. ಕುವೈತಿನ ರಿಗ್ಗೈಯಲ್ಲಿರುವ ನಮ್ಮ ಕಟ್ಟಡದಲ್ಲಿ ಈ ಸುದ್ದಿಯನ್ನು ಯಾರಿಗೆ ಹೇಳಿಲ್ಲ ಎಂದು ಕೇಳಿ. ಲಿಫ್ಟಿನಲ್ಲಿ ಸಿಕ್ಕ ಈಜಿಪ್ಟಿನ ಹೆಂಗಸಿಗೂ ಫೋನು ತೆರೆದು ತೋರಿಸಿದೆ. ಅವಳ ಮಾತು ನನಗೆ ಬಾರದು, ನನ್ನದು ಅವಳಿಗೆ ಬಾರದು, ಆದರೂ ನಾಲ್ಕನೇ ಮಹಡಿ ಬರುವ ತನಕ ಇಬ್ಬರೂ ನಕ್ಕೆವು. ಆ ಫೋಟೋಗಳು ನನ್ನ ಕೈಯಿಂದಲೇ ಹಾಳಾಗುವುದರಲ್ಲಿದ್ದವು ಎಂಬುದನ್ನು ಮಾತ್ರ ಆ ಹೆಂಗಸಿಗೆ ಹೇಳಲಾಗಲಿಲ್ಲ. ಇಲ್ಲಿ ಬರೆಯುತ್ತೇನೆ. ಮೂರನೇ ಕ್ಲಾಸು ಓದಿದವಳು ನಾನು, ತಪ್ಪಿದ್ದರೆ ನೀವೇ ಸರಿಮಾಡಿಕೊಂಡು ಓದಿ.

ಮೊಮ್ಮಗಳು ಅಲ್ಲಿ ಕಲಿಯುವುದೇ ಫೋಟೋ ತೆಗೆಯುವುದನ್ನು. ತೆಗೆಯುವುದು ಅಲ್ಲಿಯ ಹುಡುಗ ಹುಡುಗಿಯರನ್ನು. ಕೂದಲನ್ನು ಹುಂಜದ ಜುಟ್ಟಿನ ಹಾಗೆ ನಿಲ್ಲಿಸಿ ಹಸಿರು ಬಳಿದುಕೊಂಡವರು, ತಲೆ ಬೋಳಿಸಿ ಉದ್ದದ ಬೂಟು ಹಾಕಿದವರು, ಹತ್ತಾರು ಕನ್ನಡಿ ಸಿಕ್ಕಿಸಿದ ಸ್ಕೂಟರಿನ ಮೇಲೆ ಇಸ್ತ್ರಿ ಮುರಿಯದ ಕೋಟು ತೊಟ್ಟು ಕೂತವರು. ಒಂದೊಂದು ಗುಂಪಿಗೆ ಒಂದೊಂದು ಬಗೆಯ ಹಾಡು, ಒಂದೊಂದು ಬಗೆಯ ಬಟ್ಟೆಯಂತೆ. ನಾನು ಇಪ್ಪತ್ತೆಂಟು ವರ್ಷ ರವಿಕೆ ಹೊಲಿದವಳು. ಚೆನ್ನಾಗಿದ್ದ ಪ್ಯಾಂಟನ್ನು ಬೇಕೆಂದೇ ಹರಿದು ಪಿನ್ನು ಚುಚ್ಚಿಕೊಂಡಿದ್ದು ನೋಡಿ ಸೂಜಿ ದಾರ ಹುಡುಕುವಂತಾಯಿತು. ಇಂಥವರ ನಡುವೆ ಇವಳು ಒಬ್ಬಳೇ ನಿಲ್ಲುತ್ತಾಳಲ್ಲ ಎಂದು ನನಗೆ ಅನ್ನ ಇಳಿಯುತ್ತಿರಲಿಲ್ಲ. ಕೇಳಿದರೆ, ರಾತ್ರಿ ಬಸ್ ಸ್ಟಾಪಿನ ತನಕ ಬಂದು ತನ್ನನ್ನು ಹತ್ತಿಸುವವರೇ ಅವರು ಅಂದಳು.

ಕಳೆದ ಬೇಸಿಗೆಯ ರಜಕ್ಕೆ ಬಂದಾಗ ಹನ್ನೊಂದು ರೋಲು ತಂದಿದ್ದಳು. ಫೋನಿನದಲ್ಲ, ಹಳೇ ಕಾಲದ ಹಾಗೆ ತೊಳೆಯಬೇಕಾದ ಫಿಲ್ಮು. ಆ ಮಕ್ಕಳು ಹಾಡಿ ಕುಣಿಯುತ್ತಿದ್ದ ಕ್ಲಬ್ಬನ್ನು ಮುಚ್ಚಿದರಂತೆ, ಅದರ ಕೊನೆಯ ವಾರ ತೆಗೆದದ್ದು. ಕಾಲೇಜಿನ ಲ್ಯಾಬು ರಜಕ್ಕೆ ಮುಚ್ಚಿದ್ದರಿಂದ ತೊಳೆಯಲಾಗದೆ ಹಾಗೇ ತಂದಿದ್ದಳು. ಇನ್ನು ಅವರೆಲ್ಲ ಅಲ್ಲಿ ಸೇರುವುದಿಲ್ಲ, ಮತ್ತೆ ತೆಗೆಯುವಂತೆಯೂ ಇಲ್ಲ. ಏರ್‌ಪೋರ್ಟಿನಲ್ಲಿ ಲಗೇಜು ನೋಡುವ ಮೆಷಿನ್ನಿಗೆ ಹೋದರೆ ಒಳಗಿನ ಚಿತ್ರ ಕೆಡುತ್ತದೆ ಎಂದು ಕಾಡಿಬೇಡಿ ಕೈಯಲ್ಲೇ ತಪಾಸಣೆ ಮಾಡಿಸಿ, ಮಡಿಲಲ್ಲಿಟ್ಟುಕೊಂಡು ಬಂದಿದ್ದಳು. ಇಲ್ಲಿಯ ಸೆಕೆಗೆ ಹೆದರಿ ಖಾಲಿ ಐಸ್‌ಕ್ರೀಮ್ ಡಬ್ಬಿಗೆ ತುಂಬಿ, ಟೇಪು ಸುತ್ತಿ, ಮೇಲೆ ಇಂಗ್ಲಿಷಿನಲ್ಲಿ ಏನೋ ಬರೆದು ಫ್ರಿಜ್ಜಿನಲ್ಲಿಟ್ಟಳು.

ಕುವೈತಿನಲ್ಲಿ ಯಾರಾದರೂ ಊರಿಗೆ ಹೊರಟರೆ ಅವರ ಪೆಟ್ಟಿಗೆಯಲ್ಲಿ ಅರ್ಧ ಬೇರೆಯವರ ಸಾಮಾನು. ನಮ್ಮ ಕಟ್ಟಡದ ಕೆಳಗಿನ ಬಕಾಲಾ, ಅಂದರೆ ದಿನಸಿ ಅಂಗಡಿಯವರು ಮಂಗಳೂರು ಕಡೆಯ ಬ್ಯಾರಿಗಳು, ಅವರ ರೂಮು ಇರುವುದು ಖೈತಾನ್ ಎಂಬ ಕಡೆ. ಒಂದು ದಿನ ಸಂಜೆಯ ಫ್ಲೈಟಿಗೆ ಅವರು ಊರಿಗೆ ಹೊರಟಿದ್ದರು. ಮಂಗಳೂರಿನಲ್ಲಿರುವ ನನ್ನ ತಂಗಿಗೆಂದು ನಾನು ಬಾದಾಮಿ ತುಂಬಿದ ಖರ್ಜೂರ ಕಟ್ಟಿಟ್ಟಿದ್ದೆ. ಅದೂ ಐಸ್‌ಕ್ರೀಮ್ ಡಬ್ಬಿಯಲ್ಲೇ, ಅದಕ್ಕೂ ಟೇಪು. ಬೆಳಿಗ್ಗೆ ಅವರು ಬಂದಾಗ ಫ್ರಿಜ್ಜಿನಿಂದ ತೆಗೆದು ಕೊಟ್ಟುಬಿಟ್ಟೆ.

ಊಟವಾದ ಮೇಲೆ ಮೊಮ್ಮಗಳು ಫ್ರಿಜ್ಜು ತೆರೆದು ತನ್ನ ಡಬ್ಬಿ ಎಲ್ಲಿ ಎಂದಳು. ಇದ್ದ ಡಬ್ಬಿ ತೋರಿಸಿದೆ. ಟೇಪು ಬಿಚ್ಚಿದರೆ ಖರ್ಜೂರ. ಕಿರುಚಾಡುತ್ತಾಳೆ ಎಂದುಕೊಂಡೆ. ಅವಳು ಅಡುಗೆಮನೆಯ ನೆಲದ ಮೇಲೆ ಸುಮ್ಮನೆ ಕೂತುಬಿಟ್ಟಳು.

“ಅಜ್ಜಿ, ಅದು ಲಗೇಜ್‌ನಲ್ಲಿ ಹೋದ್ರೆ ಖಲಾಸ್,” ಅಂದಳು.

ಫೋನು ಮಾಡಿದರೆ ಅಂಗಡಿಯವರು ಎತ್ತಲಿಲ್ಲ. ಮಗ ಕಾರು ತೆಗೆದುಕೊಂಡು ಫಹಾಹೀಲಿನ ಆಫೀಸಿಗೆ ಹೋಗಿದ್ದ. ಖರ್ಜೂರದ ಡಬ್ಬಿಯನ್ನೂ ಹಿಡಿದುಕೊಂಡು ಟ್ಯಾಕ್ಸಿ ಹತ್ತಿದೆವು. ಪ್ರತಿ ಸಿಗ್ನಲ್ಲಿನಲ್ಲೂ ಅವಳು ಮತ್ತೆ ಮತ್ತೆ ಫೋನು ಒತ್ತುವಳು, ಕಿವಿಗಿಟ್ಟು ಇಳಿಸುವಳು. ಒಂದು ಮಾತು ಬೈದಿದ್ದರೂ ನನಗೆ ಹಗುರಾಗುತ್ತಿತ್ತು. ಆ ಮಕ್ಕಳ ಮುಖ ನಾನು ಫೋನಿನಲ್ಲಿ ಅಷ್ಟಿಷ್ಟು ಕಂಡದ್ದು. ಅವರೆಲ್ಲ ಒಬ್ಬೊಬ್ಬರಾಗಿ ಅಳಿಸಿಹೋಗುತ್ತಿದ್ದಾರೆ ಅನ್ನಿಸಿತು.

ಖೈತಾನಿನಲ್ಲಿ ಇಳಿದಾಗ ಹಗ್ಗ ಬಿಗಿದ ರಟ್ಟಿನ ಪೆಟ್ಟಿಗೆಯನ್ನು ಅಂಗಡಿಯವರು ಮತ್ತು ಅವರ ರೂಮಿನವನೊಬ್ಬ ಸೇರಿ ಕಾರಿನ ಡಿಕ್ಕಿಗೆ ತಳ್ಳುತ್ತಿದ್ದರು. ನಾನು ಹೋಗಿ ಪೆಟ್ಟಿಗೆಯ ಮೇಲೆ ಕೈ ಇಟ್ಟು ನಿಂತೆ. ಏದುಸಿರು ಬಿಡುತ್ತಾ ನಡೆದದ್ದು ಹೇಳಿದೆ. ರೂಮಿನವನು ಹಿಂದಿಯಲ್ಲಿ, ತೂಕ ನೋಡಿ ಕಟ್ಟಿದ್ದು, ಈಗ ಬಿಚ್ಚಿದರೆ ಫ್ಲೈಟು ತಪ್ಪುತ್ತದೆ ಎಂದು ಗೊಣಗಿದ. ಅಂಗಡಿಯವರು ಗಡಿಯಾರ ನೋಡಿದರು, ಮೊಮ್ಮಗಳ ಮುಖ ನೋಡಿದರು. ಹಗ್ಗ ಬಿಚ್ಚಿ, ಕಾರಿನ ಕೀಲಿಯಿಂದಲೇ ಟೇಪು ಸೀಳಿದರು. ಕಂಬಳಿ, ಹಾಲಿನ ಪುಡಿಯ ಡಬ್ಬ, ಯಾರ ಯಾರದೋ ಪೊಟ್ಟಣ ಎಲ್ಲ ರಸ್ತೆಬದಿಗೆ ಬಂದವು. ನಮ್ಮದು ತೀರಾ ತಳದಲ್ಲಿತ್ತು.

ಮೊಮ್ಮಗಳು ಡಬ್ಬಿ ತೆರೆದು ರೋಲುಗಳನ್ನು ಎಣಿಸುವಾಗ ಅವರು ಬಗ್ಗಿ ನೋಡಿದರು.

“ಎಂತ ಅಜ್ಜಿ, ಇದಾ ನಿಮ್ಮ ಖರ್ಜೂರ? ಕಸ್ಟಮ್ಸಿನವರು ಕೇಳಿದ್ರೆ ನಾನು ಖರ್ಜೂರ ಅಂತಲೇ ಆಣೆ ಹಾಕ್ತಿದ್ದೆ. ಆಮೇಲೆ ಮನೆಗೆ ಮುಟ್ಟುವುದು ನಾನಲ್ಲ, ನನ್ನ ಸುದ್ದಿ.”

ಹನ್ನೊಂದೂ ಇದ್ದವು. ಅದೇ ಜಾಗಕ್ಕೆ ಖರ್ಜೂರದ ಡಬ್ಬಿ ತೂರಿಸಿ ಅವರು ಹಗ್ಗ ಬಿಗಿದರು.

ವಾಪಸು ಬರುವಾಗ ಮೊಮ್ಮಗಳು ನನ್ನ ಭುಜಕ್ಕೆ ಒರಗಿದಳು. ನನಗೆ ಮಾತ್ರ ಆಗಲೇ ಇನ್ನೊಂದು ನೆನಪಾಗಿತ್ತು. ಬೆಳಿಗ್ಗೆ ಅಂಗಡಿಯವರ ಜೊತೆ ಮಾತಾಡುತ್ತಾ ಆ ಡಬ್ಬಿಯನ್ನು ಬಾಲ್ಕನಿಯ ಕಟ್ಟೆಯ ಮೇಲೆ ಇಟ್ಟಿದ್ದೆ. ಸುಡುಬಿಸಿಲು, ಅರ್ಧ ಗಂಟೆಗೆ ಕಡಿಮೆ ಇಲ್ಲ. ಹೇಳಲು ಬಾಯಿ ಬರಲಿಲ್ಲ. ಅವಳು ಹೊರಟುಹೋದ ಮೇಲೂ ಏಳು ವಾರ ಅದನ್ನು ಒಳಗೇ ಇಟ್ಟುಕೊಂಡಿದ್ದೆ. ಅವಳ ಫೋನು ಬಂದರೆ ಮಗನೇ ಎತ್ತಲಿ ಎಂದು ಬಚ್ಚಲಿಗೆ ಹೋಗುತ್ತಿದ್ದೆ.

ಕೊನೆಗೊಂದು ದಿನ ಅವಳು ನನ್ನನ್ನೇ ಕೇಳಿ ಫೋನಿಗೆ ಕರೆಸಿದಳು. ಹತ್ತು ರೋಲು ಚೆನ್ನಾಗಿ ಬಂದಿವೆ, ಒಂದು ಮಾತ್ರ ಪೂರ್ತಿ ಕೆಂಪಗೆ ತಿರುಗಿದೆ, ಯಾಕೋ ತಿಳಿಯದು ಅಂದಳು. ಬಾಲ್ಕನಿಯ ಬಿಸಿಲಿನ ಕಥೆಯನ್ನು ಒಂದೇ ಉಸಿರಿಗೆ ಹೇಳಿ ಮುಗಿಸಿದೆ.

“ಅಳಬೇಡ ಅಜ್ಜಿ,” ಅಂದಳು. “ಕೆಂಪಗಾದ್ರೇನು, ಫೋಟೋದಲ್ಲಿ ಎಲ್ರೂ ಇದಾರಲ್ಲ.”

ಗೋಡೆಗೆ ಹಾಕಿದ್ದರಲ್ಲಿ ಆ ಕೆಂಪು ಫೋಟೋನೂ ಒಂದಿದೆ. ಜುಟ್ಟಿನ ಹುಡುಗಿ ಕ್ಲಬ್ಬಿನ ಬಾಗಿಲಲ್ಲಿ ಬಗ್ಗಿ ಬೂಟಿನ ಲೇಸು ಕಟ್ಟುತ್ತಿದ್ದಾಳೆ, ಹಿಂದೆ ನಾಲ್ಕು ಜನ ನಗುತ್ತಿದ್ದಾರೆ. ಈ ಶನಿವಾರ ಅವರೆಲ್ಲ ಬೇರೆ ಊರಿನ ಯಾವುದೋ ಕ್ಲಬ್ಬಿಗೆ ಹೋಗುತ್ತಾರಂತೆ, ಇವಳೂ ಹೋಗುತ್ತಾಳಂತೆ. ಅಲ್ಲಿಂದ ಬಸ್ಸು ಹತ್ತಿಸುವವರು ಯಾರು ಎಂದು ಕೇಳಿದ್ದೇನೆ.