ಹಾರಲು ಜಾಗವಿಲ್ಲದ ನಕ್ಷೆ

"ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ, ಮಾತು ಅದಕ್ಕಿಂತ ಕಡೆ. ದಯವಿಟ್ಟು ಕ್ಷಮಿಸಿ ಓದಿಕೊಳ್ಳಿ ಸರ್."

ಶಾಲೆಯ ಕ್ರೀಡಾಕೂಟದ ದಿನ ಡ್ರೋನ್ ಹಾರಿಸಿ ಚಿತ್ರ ತೆಗೆಯುವ ಯೋಜನೆಯನ್ನು ಅವಳು ಹೀಗೆ ಶುರು ಮಾಡಿದಳು. ಈ ಎರಡು ಸಾಲಿಗೇ ನಾಲ್ಕು ಹಾಳೆ ಹರಿದಿದ್ದಳು. ಕ್ಷಮೆಯನ್ನಾದರೂ ದುಂಡಗೆ ಕೇಳಬೇಕಲ್ಲ.

ಅವಳಿಗೆ ಹದಿನೇಳು ವರ್ಷ. ಇದೇ ಶಾಲೆಯ ಒಂಬತ್ತನೇ ತರಗತಿಯಲ್ಲಿ ಎದ್ದು ನಿಂತು ಓದು ಎಂದಾಗಲೆಲ್ಲ ಬಾಯಿಗೆ ಬೀಗ ಬೀಳುತ್ತಿತ್ತು. ಬೀಗ ತೆಗೆಯಲಾಗದೆ ಕೊನೆಗೆ ಶಾಲೆಯನ್ನೇ ಬಿಟ್ಟಳು. ಈಗ ಸೋದರಮಾವನ ವಿಡಿಯೋ ಅಂಗಡಿಯಲ್ಲಿ ಬ್ಯಾಟರಿ ಚಾರ್ಜ್ ಮಾಡುತ್ತಾಳೆ, ಡ್ರೋನಿನ ರೆಕ್ಕೆ ಒರೆಸುತ್ತಾಳೆ. ಪ್ರತಿ ಸ್ಕ್ರೂವನ್ನೂ ಮೂರು ಸಲ ಮುಟ್ಟಿ ನೋಡುವ ಅವಳಿಗೆ ಮಾವ ಇಟ್ಟ ಹೆಸರು ಅಳತೆಪಟ್ಟಿ.

ಹೋದ ವರ್ಷ ಓಟದ ಮಧ್ಯೆ ಮಾವನ ಡ್ರೋನ್ ತಗ್ಗಿ ಬಂದಿತ್ತು. ಮುಂದಿದ್ದ ಹುಡುಗಿ ತಲೆಯೆತ್ತಿ ನೋಡಿ ಮುಗ್ಗರಿಸಿದಳು. ತರಚಿದ್ದು ಮಂಡಿ ಮಾತ್ರ, ಆದರೆ ಪದಕ ಹೋಯಿತು. ಹಾಗಾಗಿ ಪಿ.ಟಿ. ಮೇಷ್ಟ್ರು ಈ ಸಲ ಷರತ್ತು ಹಾಕಿದ್ದರು: ಸುರಕ್ಷಿತವಾಗಿ ಹಾರಿಸುವುದು ಹೇಗೆಂದು ಬರೆದು ತರಬೇಕು, ಬರೆದವರೇ ವಿವರಿಸಬೇಕು, ಅವರು ಒಪ್ಪಿದರೆ ಮಾತ್ರ ಹಾರಾಟ. ಒಪ್ಪಿದರೆ ಆ ದಿನ ಡ್ರೋನ್ ಮೇಲೆ ಕಣ್ಣಿಟ್ಟು "ಇಳಿಸಿ" ಎನ್ನುವ ಅಧಿಕಾರ ನಿನ್ನದೇ ಎಂದು ಮಾವ ಮಾತು ಕೊಟ್ಟಿದ್ದರು. ಅವಳಿಗೆ ಬೇಕಿದ್ದದ್ದು ಅದೊಂದೇ.

ಮೂರು ಸಂಜೆ ಟೇಪು ಹಿಡಿದು ಮೈದಾನ ಅಳೆದು ಹಾಳೆಯ ಮೇಲೆ ನಕ್ಷೆ ಬರೆದಳು. ಭರ್ಜಿ ಎಸೆತ, ಗುಂಡು ಎಸೆತ, ಓಟದ ಟ್ರ್ಯಾಕ್, ದೀಪದ ಕಂಬಗಳು, ಕಂಬದ ಮೇಲಿನ ಹದ್ದಿನ ಗೂಡು, ಜನ ಕೂರುವ ಮೆಟ್ಟಿಲು, ಎಲ್ಲದರ ಸುತ್ತ ಡಬ್ಬಿ ಮುಚ್ಚಳವಿಟ್ಟು ಕೆಂಪು ಗೆರೆ ಎಳೆದಳು. ಗೆರೆಯ ಒಳಗೆ ಡ್ರೋನ್ ಹೋಗಕೂಡದು.

"ಹೊಳೆ ಎಲ್ಲೋ ಇದೆ, ನೀನು ಇಲ್ಲೇ ಚಪ್ಪಲಿ ಬಿಚ್ತಿದ್ದೀಯಲ್ಲೇ," ಎಂದು ಮಾವ ನಕ್ಕರು.

ಮರುದಿನ ಅವಳೂ ಮಾವನೂ ಸ್ಟಾಫ್ ರೂಮಿಗೆ ಹೋದರು. ಮೇಷ್ಟ್ರು ನಕ್ಷೆಯನ್ನು ಮೇಜಿನ ಮೇಲೆ ಹರಡಿ ಕನ್ನಡಕ ಸರಿಮಾಡಿಕೊಂಡರು.

"ಎಲ್ಲಾ ಕೆಂಪೇ ಇದೆಯಲ್ಲಮ್ಮ. ಹಾರಿಸೋದು ಎಲ್ಲಿ?"

ಅವಳು ಬಗ್ಗಿ ನೋಡಿದಳು. ಮುಚ್ಚಳ ಸ್ವಲ್ಪ ದೊಡ್ಡದಾಗಿತ್ತೇನೋ. ಬಿಳಿಯಾಗಿ ಉಳಿದಿದ್ದದ್ದು ಮೂಲೆಯ ಒಂದು ಚೌಕ ಮಾತ್ರ.

"ಅಲ್ಲಿ... ಸರ್."

"ಅದು ಹುಡುಗರ ಶೌಚಾಲಯ."

"ಹೌದು ಸರ್."

"ಅಲ್ಲಿ ಯಾವ ಸ್ಪರ್ಧೆ ಇಟ್ಟಿದ್ದೀರಿ ಸರ್?" ಎಂದರು ಮಾವ. ಮೇಷ್ಟ್ರು ನಗಲಿಲ್ಲ. ಮಾವ ಗಂಟಲು ಸರಿಮಾಡಿಕೊಂಡು, "ಹುಡುಗಿಗೆ ಎಚ್ಚರಿಕೆ ಸ್ವಲ್ಪ ಜಾಸ್ತಿ. ನಾನೇ ಅಂದಾಜಲ್ಲಿ ಹಾರಿಸ್ತೀನಿ ಬಿಡಿ," ಎಂದರು.

"ನಿಮ್ಮ ಅಂದಾಜು ಹೋದ ವರ್ಷ ನೋಡಿದ್ದಾಯ್ತು." ಮೇಷ್ಟ್ರು ನಕ್ಷೆ ಮಡಿಸತೊಡಗಿದರು.

ಮೂರು ಸಂಜೆ ಅಳೆದು ಅಳೆದು ಅವಳು ತನ್ನ ಕೆಲಸಕ್ಕೆ ತಾನೇ ಬೇಲಿ ಹಾಕಿಕೊಂಡಿದ್ದಳು. ಮೇಷ್ಟ್ರ ಮುಖ ನೋಡಲು ಧೈರ್ಯವಿರಲಿಲ್ಲ, ಗೋಡೆ ನೋಡಿದಳು. ಗೋಡೆಯ ಮೇಲೆ ಸ್ಪರ್ಧೆಗಳ ವೇಳಾಪಟ್ಟಿ ಇತ್ತು. ಹೀಗೆ ಅವಳ ಅಂಜುಬುರುಕತನ ಜೀವನದಲ್ಲಿ ಮೊದಲ ಸಲ ಉಪಯೋಗಕ್ಕೆ ಬಂತು.

"ಸರ್, ಭರ್ಜಿ ಹತ್ತಕ್ಕೆ ಮುಗಿಯುತ್ತೆ," ಎಂದು ಗೋಡೆಗೆ ಹೇಳಿದಳು.

"ಅದಕ್ಕೆ?"

"ಆಮೇಲೆ ಆ ಗೆರೆ ಬೇಡ ಸರ್. ಗುಂಡು ಎಸೆತ ಹನ್ನೊಂದಕ್ಕೆ ಮುಗಿಯುತ್ತೆ, ಆ ಗೆರೆಯೂ ಹೋಗುತ್ತೆ. ಓಟ ಇರೋದು ಹನ್ನೊಂದೂವರೆಗೆ. ಅಷ್ಟೊತ್ತಿಗೆ ಮೈದಾನದ ನಡುಭಾಗ ಖಾಲಿ."

ಮೇಷ್ಟ್ರ ಕೈ ನಿಂತಿತು. "ಟ್ರ್ಯಾಕಿನ ಗೆರೆ?"

"ಅದು ಇಡೀ ದಿನ ಇರುತ್ತೆ. ಓಡೋರ ತಲೆ ಮೇಲೆ ಹೋಗೋದೇ ಇಲ್ಲ."

"ಮತ್ತೆ ಓಟ ಹೇಗೆ ತೆಗೀಲಿ?" ಎಂದರು ಮಾವ.

"ನಡುಭಾಗದಿಂದ, ಮಾವ. ಓಟಕ್ಕೆ ಮೊದಲೇ ಮೇಲೇರಿ ನಿಲ್ಲಬೇಕು, ಮುಗಿಯೋವರೆಗೂ ತಗ್ಗಬಾರದು."

ಮೇಷ್ಟ್ರು ಮಡಿಸಿದ ನಕ್ಷೆಯನ್ನು ಮತ್ತೆ ಬಿಡಿಸಿದರು. ಕೆಂಪು ಗೆರೆ ಅಳಿಸುವಂತಿರಲಿಲ್ಲ. ಅವಳು ಪ್ರತಿ ಗೆರೆಯೊಳಗೂ ಅದು ಎಷ್ಟು ಗಂಟೆಯವರೆಗೆ ಎಂದು ಬರೆದಳು. ಟ್ರ್ಯಾಕಿಗೂ ಮೆಟ್ಟಿಲಿಗೂ ಕಂಬಕ್ಕೂ ಹದ್ದಿಗೂ "ಯಾವಾಗಲೂ" ಎಂದು ಬರೆದಳು. ಗೆರೆಯೊಳಗಿನ ಇಕ್ಕಟ್ಟಿನಲ್ಲಿ ಅಕ್ಷರ ಇನ್ನಷ್ಟು ಕೆಟ್ಟಿತು. ಮೇಷ್ಟ್ರು ಅದರ ಕೆಳಗೇ ಸಹಿ ಹಾಕಿದರು.

"ಇಳಿಸಿ ಅನ್ನೋರು ಯಾರು?"

ಮಾವ ಅವಳ ಕಡೆ ತೋರಿಸಿದರು.

"ಈ ದನಿಗೆ ಡ್ರೋನ್ ಇಳಿಯುತ್ತಾ? ಪಕ್ಕದಲ್ಲಿರೋ ನನಗೇ ಸರಿಯಾಗಿ ಕೇಳಿಸ್ತಿಲ್ಲ. ತಗೋ, ಸೀಟಿ ಇಟ್ಕೋ." ಮೇಷ್ಟ್ರು ಕೊರಳಿನ ಸೀಟಿ ಬಿಚ್ಚಿ ಮೇಜಿನ ಮೇಲಿಟ್ಟರು.

ಅವಳು ಸೀಟಿಯನ್ನು ಮೂರು ಸಲ ತಿರುಗಿಸಿ ನೋಡಿ ವಾಪಸು ಇಟ್ಟಳು. "ಬೇಡ ಸರ್. ಸೀಟಿ ಕೇಳಿದ್ರೆ ಓಡೋರು ನಿಂತುಬಿಡ್ತಾರೆ."

"ಹಾಗಾದ್ರೆ ಬಾಯಿ ಬಿಡಬೇಕಾಗುತ್ತಲ್ಲಮ್ಮ," ಎಂದರು ಮೇಷ್ಟ್ರು. ಈಗ ನಕ್ಕರು.

ನಾಳೆ ಬೆಳಿಗ್ಗೆ ಆರಕ್ಕೆ ಅವಳು ಖಾಲಿ ಮೈದಾನಕ್ಕೆ ಹೋಗುತ್ತಾಳೆ. ಟೇಪು ಹಿಡಿದು ಮಾವನನ್ನು ಇಪ್ಪತ್ತು ಮೀಟರ್ ದೂರ ನಿಲ್ಲಿಸಿ, ಅವರಿಗೆ ಕೇಳಿಸುವವರೆಗೂ "ಇಳಿಸಿ" ಎಂದು ಕೂಗುತ್ತಾಳೆ.