ಬ್ರಾಹ್ಮಣಾರ್ಥ ಮತ್ತು ಬೊಜ್ಜಿನ ಆಪರೇಷನ್

ದುರ್ಗಿಗುಡಿಯ ಆ ಸರ್ಜನ್ನರ ಆಫೀಸಿನಲ್ಲಿ ತೂಕದ ಯಂತ್ರ ಇಟ್ಟಿದ್ದು ಒಳಗಿನ ಕೋಣೆಯಲ್ಲಲ್ಲ, ಹಜಾರದಲ್ಲಿ, ಕಾಯುವವರೆಲ್ಲರ ಕಣ್ಣೆದುರಿಗೆ. ನಾನು ಹತ್ತಿದೊಡನೆ ಮೇಜಿನ ಹಿಂದಿದ್ದ ಹೆಂಗಸು ಬಗ್ಗಿ ನೋಡಿ ಕೂಗಿದಳು: "ನೂರಾ ಮೂವತ್ತೊಂದೂವರೆ!" ಕೂತಿದ್ದ ಹತ್ತು ಜನ ತಲೆ ಎತ್ತಿದರು. ಹರಾಜು ಕೂಗುವವನೂ ಅಷ್ಟು ಉತ್ಸಾಹ ತೋರಿಸುವುದಿಲ್ಲ.

ನಾನು ಭದ್ರಾವತಿಯಲ್ಲಿ ಪುರೋಹಿತ. ಹೊಟ್ಟೆಯ ಚೀಲ ಚಿಕ್ಕದು ಮಾಡುವ ಆಪರೇಷನ್ನಿಗಾಗಿ ತಿಂಗಳುಗಟ್ಟಲೆ ಬಸ್ಸಿನಲ್ಲಿ ಪಕ್ಕದ ಊರಿನ ಆ ಆಫೀಸಿಗೆ ಅಲೆದೆ. ಶೋಕಿಗಲ್ಲ. ಮಲಗಿದರೆ ಉಸಿರು ನಿಂತು ನಿಂತು ಬರುತ್ತಿತ್ತು. "ರೀ, ಹಿಂಗೇ ಒಂದಿನ ನಿಂತೇ ಹೋದ್ರೆ ನಾನೇನ್ ಮಾಡ್ಲಿ?" ಎಂದು ಹೆಂಡತಿ ಕೇಳಿದ ದಿನದಿಂದ ನನಗೆ ಸಾವಿನ ಭಯ ಹಿಡಿದಿತ್ತು. ಊರವರ ಸಾವಿಗೆಲ್ಲ ಮಂತ್ರ ಹೇಳುವವನಿಗೆ ಭಯವೇ ಎಂದು ಯಾರಾದರೂ ನಗಬಹುದು. ನಗಲಿ. ನನಗೆ ಭಯವಿತ್ತು.

ಸರ್ಜನ್ನರು ಬೆಂಗಳೂರಿನಿಂದ ಗುರುವಾರ ಮಾತ್ರ ಬರುತ್ತಿದ್ದರು. ಒಂದೇ ಒಂದು ಸಲ ಅವರ ದರ್ಶನವಾಯಿತು. ಅವರು ಫೈಲನ್ನು ನೋಡಿದರು, ನನ್ನನ್ನು ನೋಡಲಿಲ್ಲ. ಮಿಕ್ಕಿದ್ದೆಲ್ಲ ಆ ಹೆಂಗಸಿನದೇ ಕಾರುಬಾರು. ಒಂದು ವಾರ ರಕ್ತದ ರಿಪೋರ್ಟು ಹಳೆಯದಾಯಿತು ಎಂದಳು. ಹೊಸದು ಒಯ್ದರೆ ಎದೆಯದು ಹಳೆಯದಾಗಿತ್ತು. ಕೊನೆಗೆ ಷರತ್ತು ಹೇಳಿದಳು. ಮೂರು ತಿಂಗಳು ತಿಂದದ್ದನ್ನೆಲ್ಲ ಪುಸ್ತಕದಲ್ಲಿ ಬರೆಯಬೇಕು, ಆರು ಕೆಜಿ ಇಳಿಸಬೇಕು, ಆಮೇಲೆ ಡೇಟು. ತೂಕ ಇಳಿಸಲಾಗದೆ ತಾನೇ ತಾಯಿ ನಿಮ್ಮ ಬಾಗಿಲಿಗೆ ಬಂದದ್ದು ಎಂದು ಬಾಯಿಗೆ ಬಂದಿತ್ತು. ನುಂಗಿಕೊಂಡೆ.

ಬರೆಯುವುದೇ ಪೇಚಾಟಕ್ಕಿಟ್ಟುಕೊಂಡಿತು. ನನ್ನ ಕಸುಬಿನಲ್ಲಿ ಅರ್ಧ ಮಂತ್ರ, ಅರ್ಧ ಊಟ. ತಿಥಿಯ ಮನೆಗಳಲ್ಲಿ ಬ್ರಾಹ್ಮಣಾರ್ಥಕ್ಕೆ ಕೂರುತ್ತೇನೆ. ಅಂದರೆ ಸತ್ತವರ ಸ್ಥಾನದಲ್ಲಿ ಕೂತು, ಅವರಿಗೆಂದು ಬಡಿಸಿದ್ದನ್ನು ಉಣ್ಣುತ್ತೇನೆ. ಕೊನೆಯಲ್ಲಿ ಮನೆಯ ಯಜಮಾನ "ತೃಪ್ತಿಯಾಯಿತೇ?" ಎಂದು ಕೇಳಬೇಕು, ನಾನು ಆಯಿತು ಎನ್ನಬೇಕು. ಎಲೆಯಲ್ಲಿ ವಡೆ ಮಿಕ್ಕರೆ ಆ ಮನೆಯವರ ಮುಖ ಬಾಡುತ್ತದೆ. ಕೈತೊಳೆದು, ಮಂತ್ರ ಹೇಳಿ ಅಂಗೈಯ ನೀರು ಕುಡಿದು ಆಪೋಶನ ತೆಗೆದುಕೊಂಡ ಮೇಲೆ ಮಾತಾಡುವಂತಿಲ್ಲ, ಊಟದ ನಡುವೆ ಎದ್ದರಂತೂ ತಿಥಿಯೇ ಕೆಟ್ಟಿತು.

ಇದನ್ನೆಲ್ಲ ಪ್ರಾಮಾಣಿಕವಾಗಿ ಬರೆದುಕೊಂಡು ಹೋದೆ. ಆಕೆ ಪುಟ ತಿರುವಿ ಹಜಾರಕ್ಕೆಲ್ಲ ಕೇಳುವಂತೆ ಓದಿದಳು. "ವಡೆ ಒಂಬತ್ತು, ಎಳ್ಳುಂಡೆ ನಾಲ್ಕು, ಪಾಯಸ ಎರಡು ಸಲ... ಏನ್ ಸ್ವಾಮಿ ಇದು?"

"ಅದು ನನ್ನ ಕೆಲಸ ಕಣಮ್ಮ."

"ತಿನ್ನೋದು ಕೆಲಸಾನಾ? ಹಂಗಾದ್ರೆ ಕೆಲ್ಸ ಬಿಡಿ, ಆಪರೇಷನ್ನೇ ಬೇಡ."

ಮೈಯೆಲ್ಲ ಉರಿದುಹೋಯಿತು. ಆದರೆ ಅವಳು ಹೇಳಿದ್ದನ್ನೇ ಮಾಡಿದೆ. ಬ್ರಾಹ್ಮಣಾರ್ಥ ಒಪ್ಪಿಕೊಳ್ಳುವುದನ್ನು ನಿಲ್ಲಿಸಿದೆ. ಮಂತ್ರ ಹೇಳಿ, ಮಜ್ಜಿಗೆ ಕುಡಿದು, ಎದ್ದು ಬಂದೆ. ಪಂಕ್ತಿಯಲ್ಲಿ ಜೊತೆಗೆ ಕೂರುತ್ತಿದ್ದವರು "ಏನ್ ಮಾರಾಯ, ಸನ್ಯಾಸ ತಗಂಡ್ಯಾ?" ಎಂದು ಕಾಡಿದರು. ಮೂರು ತಿಂಗಳಿಗೆ ಆರೂವರೆ ಕೆಜಿ ಇಳಿಯಿತು. ಈ ಸಲ ಆಕೆ ತೂಕವನ್ನು ಕೂಗಲಿಲ್ಲ, ಮೆಲ್ಲಗೆ ಬರೆದುಕೊಂಡಳು.

"ಡೇಟು ಫೋನಲ್ಲಿ ಹೇಳ್ತೀವಿ. ಮೂರು ಸಲ ಮಾಡ್ತೀವಿ. ಎತ್ತಲಿಲ್ಲ ಅಂದ್ರೆ ಮುಂದಿನ ಹೆಸರಿಗೆ ಹೋಗ್ತೀವಿ, ನೋಡಿ ಮತ್ತೆ."

ಅಂದಿನಿಂದ ಫೋನು ನನ್ನ ಜನಿವಾರದಂತಾಯಿತು. ಸ್ನಾನಕ್ಕೆ ಹೋದರೆ ಬಚ್ಚಲಿನ ಕಿಟಕಿಯಲ್ಲಿ, ಪೂಜೆಗೆ ಕೂತರೆ ಗಂಧದ ಬಟ್ಟಲಿನ ಪಕ್ಕದಲ್ಲಿ. ಯಾರೋ ಫೋನು ಮಾಡಿ ಸೈಟು ಬೇಕಾ ಎಂದು ಕೇಳಿದರೂ ಎದೆ ಹಾರುತ್ತಿತ್ತು. ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ. ಹತ್ತು ದಿನ ಹೀಗೇ ಕಳೆಯಿತು.

ಹನ್ನೊಂದನೆಯ ದಿನ, ಕಾರ್ಖಾನೆಯಿಂದ ನಿವೃತ್ತರಾದ ಒಬ್ಬರ ಮನೆಯಲ್ಲಿ ಅವರ ಹೆಂಡತಿಯ ವರ್ಷದ ತಿಥಿ. ಮಕ್ಕಳಿಲ್ಲ, ಅವರೇ ಮಾಡುವವರು. ಮಂತ್ರ ಹೇಳಿಸುವುದಷ್ಟೇ ನನ್ನ ಪಾಲು ಎಂದು ಮೊದಲೇ ಹೇಳಿದ್ದೆ. ಆದರೆ ಎಲೆಗೆ ಕೂರಬೇಕಾಗಿದ್ದವರು ಜ್ವರವೆಂದು ಕೈಕೊಟ್ಟರು. ಬೇರೆಯವರು ಸಿಗಲಿಲ್ಲ. "ನೀವೇ ಕೂತ್ಕೊಳ್ಳಿ ಭಟ್ರೆ. ಅವಳನ್ನ ಹಸಿದ ಹೊಟ್ಟೇಲಿ ಕಳಿಸ್ಬೇಡಿ," ಎಂದು ಅವರು ಕೈಮುಗಿದರು. ಇದೊಂದು ಸಲ ಎಂದುಕೊಂಡು ಕೂತೆ. ಫೋನು ಚೀಲದಲ್ಲಿತ್ತು, ಚೀಲ ಗೋಡೆಯ ಮೊಳೆಯಲ್ಲಿ.

ಅನ್ನದ ಮೇಲೆ ತುಪ್ಪ ಬಿದ್ದು, ಆಪೋಶನ ತೆಗೆದುಕೊಂಡು, ಮೊದಲ ತುತ್ತು ಬಾಯಿಗಿಟ್ಟಾಗ ಫೋನು ಬಡಿದುಕೊಂಡಿತು. ಅವತ್ತು ಗುರುವಾರ. ಅವರದೇ ಎಂದು ಗೊತ್ತಾಗಿಹೋಯಿತು. ನಾಲ್ಕು ಹೆಜ್ಜೆ ದೂರದ ಗೋಡೆ. ಎಡಗೈ ನೆಲಕ್ಕೂರಿದೆ. ಯಜಮಾನರು ಪಾಯಸದ ಪಾತ್ರೆ ಹಿಡಿದುಕೊಂಡು ನನ್ನನ್ನೇ ನೋಡುತ್ತಿದ್ದರು, ಕಣ್ಣು ತುಂಬಿತ್ತು. ಫೋನು ನಿಂತಿತು. ಮತ್ತೆ ಶುರುವಾಯಿತು. ನನ್ನ ಹೆಂಡತಿಯ ಮುಖ ನೆನಪಾಯಿತು. ಇನ್ನೊಂದು ತುತ್ತು ಕಲಸಿದೆ. ಮೂರನೆಯ ಸಲದ್ದೂ ನಿಂತಿತು. ನಾನು ಏಳಲಿಲ್ಲ.

"ತೃಪ್ತಿಯಾಯಿತೇ?" ಎಂದು ಯಜಮಾನರು ಕೇಳಿದರು. ಆಯಿತು ಎಂದೆ. ಜೀವನದಲ್ಲಿ ಅಷ್ಟು ಕಷ್ಟಪಟ್ಟು ಆ ಮಾತನ್ನು ಎಂದೂ ಹೇಳಿರಲಿಲ್ಲ.

ವಾಪಸು ಫೋನು ಮಾಡಿದರೆ ಆ ಕಡೆ ಯಾರೂ ಎತ್ತಲಿಲ್ಲ. ಉಟ್ಟ ಪಂಚೆಯಲ್ಲೇ ಬಸ್ಸು ಹತ್ತಿದೆ. ನಡುದಾರಿಯ ಮಲವಗೊಪ್ಪದಲ್ಲಿ ಬಸ್ಸು ನಿಂತಾಗ ಇಳಿದು ಓಡಿಬಿಡೋಣ ಎನ್ನಿಸುವಷ್ಟು ಚಡಪಡಿಕೆ. ಓಡುವ ದೇಹವಾಗಿದ್ದರೆ ಅಲ್ಲಿಗೆ ಹೋಗುವ ಅಗತ್ಯವೇ ಇರುತ್ತಿರಲಿಲ್ಲ.

ಆಫೀಸಿನ ಹಜಾರ ತುಂಬಿತ್ತು. ನನ್ನ ಡೇಟು ಬೇರೆಯವರಿಗೆ ಹೋಗಿತ್ತು. ಪಟ್ಟಿಯ ಕೊನೆಗೆ ಸೇರಿಸುವುದಾಗಿಯೂ, ನಾನು ಪುಸ್ತಕವನ್ನು ಮತ್ತೆ ಮೊದಲಿಂದ ಬರೆಯಬೇಕೆಂದೂ ಆಕೆ ಹೇಳಿದಳು. ಆಮೇಲೆ ಪೆನ್ನು ಎತ್ತಿಕೊಂಡು, ಕಾರಣ ಬರೆಯಬೇಕು ಸ್ವಾಮಿ ಎಂದಳು.

"ಮೂರು ಸಲ ಮಾಡಿದ್ವಿ. ಅಷ್ಟೊತ್ತು ಏನ್ ಮಾಡ್ತಿದ್ರಿ?"

ಹಜಾರದವರೆಲ್ಲ ನನ್ನ ಕಡೆ ನೋಡುತ್ತಿದ್ದರು. ಹೇಳಲು ನನ್ನ ಬಳಿ ಇದ್ದದ್ದು ಒಂದೇ ಉತ್ತರ.

"ಊಟ ಮಾಡ್ತಿದ್ದೆ," ಎಂದೆ.